ತಟ್ಟೆಗೆ ಏಳದ ಹಕ್ಕಿ

ನನ್ನ ತಮ್ಮ ಬಲೆ ಕಟ್ಟುವವನು. ಹೀಗಂದ ಕೂಡಲೇ ಜನ ಮೀನು ಎಲ್ಲಿ ಎಂದು ಕೇಳುತ್ತಾರೆ. ಮೀನಿಗೂ ನಮಗೂ ಸಂಬಂಧವಿಲ್ಲ. ಪಾರಿವಾಳ ಬಂದು ಹೊಲಸು ಮಾಡಬಾರದೆಂದು ದೊಡ್ಡ ಕಟ್ಟಡಗಳ ಬಾಲ್ಕನಿಗೆ, ಕಿಟಕಿಗೆ ನೈಲಾನ್ ಬಲೆ ಬಿಗಿಯುತ್ತಾರಲ್ಲ, ಆ ಕೆಲಸ. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ಬಾಯಲ್ಲಿ ನಾಲ್ಕು ಕೊಕ್ಕೆ ಕಚ್ಚಿಕೊಂಡು ಅವನು ಗೋಡೆಯ ಮೇಲೆ ನೇತಾಡುವುದನ್ನು ನೋಡಿ ಬೀದಿಯವರು ಜೇಡ ಎಂದು ಹೆಸರಿಟ್ಟರು. ನಾನೂ ಹಾಗೇ ಕರೆಯುತ್ತೇನೆ. ಅಮ್ಮ ಇಟ್ಟ ಹೆಸರಿನಿಂದ ಕರೆದರೆ ಈಗ ಅವನೇ ತಿರುಗಿ ನೋಡುವುದಿಲ್ಲ.

ಬಲೆಯ ಅಂಚಿಗೆ ಹಗ್ಗ ಪೋಣಿಸುವ ಕೆಲಸ ನನ್ನದು. ನಮ್ಮದು ಎರಡು ಕೋಣೆಯ ಮನೆ, ಅದರಲ್ಲಿ ಒಂದರ ತುಂಬ ಯಾವಾಗಲೂ ಬಲೆ. ಕಾಲಿಗೆ ತೊಡರಿಸಿಕೊಳ್ಳದೆ ಎದ್ದು ಹೋಗಿ ಒಂದು ಲೋಟ ನೀರು ಕುಡಿಯಲೂ ಆಗುವುದಿಲ್ಲ. ಅವನಿಗೆ ಮದುವೆಯಾಗಿಲ್ಲ, ನನಗೆ ಆಗಿ ಮುಗಿದಿದೆ. ಇಬ್ಬರೂ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆವು.

ನಮ್ಮಪ್ಪನೂ ಬಲೆಯವನೇ. ಅವನದು ಹಕ್ಕಿ ಹಿಡಿದು ಮಾರುವ ಕಸುಬು. ಕಾಳು ತಿನ್ನುವ ಸಣ್ಣ ಹಕ್ಕಿಗಳು, ಸಿಕ್ಕಿದರೆ ಗಿಳಿ. ಅಪ್ಪ ಹಕ್ಕಿ ಒಳಗೆ ಬರಲಿ ಎಂದು ಬಲೆ ಹಾಕಿದ, ಮಗ ಹಕ್ಕಿ ಹೊರಗೇ ಇರಲಿ ಎಂದು ಹಾಕುತ್ತಾನೆ, ಗಂಟು ಮಾತ್ರ ಒಂದೇ ಎಂದು ನಾನು ತಮ್ಮನನ್ನು ರೇಗಿಸುತ್ತಿದ್ದೆ. ಅಪ್ಪನಿಂದ ಅವನಿಗೆ ಬಂದ ಆಸ್ತಿ ಎರಡು. ಒಂದು ಆ ಗಂಟು. ಇನ್ನೊಂದು, ನಗ್ಗಿ ಹೋದ ಒಂದು ಸ್ಟೀಲ್ ತಟ್ಟೆ. ಪೊದೆಯ ಸುತ್ತ ಬಲೆ ಕಟ್ಟಿ ಅಪ್ಪ ಆ ತಟ್ಟೆಯನ್ನು ಚಮಚದಿಂದ ಬಡಿಯುತ್ತಿದ್ದ. ಒಳಗಿದ್ದ ಹಕ್ಕಿಯೆಲ್ಲ ಬೆದರಿ ಎದ್ದು ಬಲೆಗೆ ಬೀಳುತ್ತಿತ್ತು. ಬಡಿದ ಮೇಲೂ ಏನೂ ಏಳದಿದ್ದರೆ ಪೊದೆ ಖಾಲಿ ಎಂದೇ ಅರ್ಥ. ತಟ್ಟೆಗೆ ಏಳದ ಹಕ್ಕಿಯಿಲ್ಲ ಎನ್ನುವುದು ಅವನ ಮಾತು. ನಮ್ಮ ಮನೆಯಲ್ಲಿ ಅದು ದೇವರ ಮಾತಿಗಿಂತ ಒಂದು ಕೈ ಹೆಚ್ಚು.

ಇಂಥ ಕಟ್ಟಡಗಳ ಒಳಗೇ, ಬಚ್ಚಲುಮನೆಗಳ ಪೈಪು ಇಳಿಯಲೆಂದು ತಾರಸಿಯಿಂದ ನೆಲದ ತನಕ ಒಂದು ಇಕ್ಕಟ್ಟಾದ ಸಂದು ಬಿಟ್ಟಿರುತ್ತಾರೆ. ಕೆಲಸದವರು ಅದನ್ನು ಡಕ್ಟ್ ಅನ್ನುತ್ತಾರೆ. ಪಾರಿವಾಳಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ನೆರಳು, ಪೈಪಿನ ತಿರುವು, ತೊಟ್ಟಿಕ್ಕುವ ನೀರು. ಅದರ ಬಾಯಿಗೆ ಬಲೆ ಹಾಕುವಾಗ ಜೇಡನದು ಒಂದು ಕ್ರಮ. ಮೂರು ಮೂಲೆ ಬಿಗಿದು ಒಂದು ಮೂಲೆ ಬಿಚ್ಚಿಟ್ಟು ಬರುತ್ತಾನೆ. ಒಳಗೆ ಉಳಿದ ಹಕ್ಕಿ ಬೆಳಿಗ್ಗೆ ಅಲ್ಲಿಂದ ಹೊರಟು ಹೋಗುತ್ತದೆ. ಮಾರನೆಯ ದಿನ ಮಧ್ಯಾಹ್ನ, ಹಕ್ಕಿಗಳು ಮೇಯಲು ಹೋದ ಹೊತ್ತು ನೋಡಿ, ತಟ್ಟೆ ಬಡಿದು, ಏನೂ ಏಳದಿದ್ದರೆ ಆ ಕೊನೆಯ ಮೂಲೆ ಕಟ್ಟುತ್ತಾನೆ. ಬೇರೆ ಬಲೆಯವರು ಇಷ್ಟೂ ಮಾಡುವುದಿಲ್ಲ. ಒಳಗೆ ಹಕ್ಕಿ ಇದೆಯೋ ಹೆಗ್ಗಣ ಇದೆಯೋ ನೋಡದೆ ಬಿಗಿದು ಹೊರಡುತ್ತಾರೆ. ಹಾಗಾಗಿ ನನ್ನ ತಮ್ಮನಿಗೆ ತನ್ನ ಕೆಲಸದ ಮೇಲೆ ಸ್ವಲ್ಪ ಜಂಬವಿತ್ತು. ನನಗೂ ಇತ್ತು ಅನ್ನಿ.

ಹೀಗೇ ಒಂದು ಕಟ್ಟಡದ ಡಕ್ಟಿಗೆ ಅವನು ಬಲೆ ಹಾಕಿ ಬಂದ. ವಾರ ಕಳೆಯುವ ಮೊದಲೇ ಮೂರನೇ ಮಹಡಿಯಿಂದ ಫೋನ್ ಬಂತು. ಆ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು, ಮಗ ಸೊಸೆಯ ಜೊತೆ ಇರುವವರು. ಜೀವಮಾನವೆಲ್ಲ ಯಾವುದೋ ಕಚೇರಿಯಲ್ಲಿ ಟೈಪು ಮಾಡಿದವರಾದ್ದರಿಂದ ಕಟ್ಟಡದವರೆಲ್ಲ ಟೈಪಿಂಗಮ್ಮ ಅನ್ನುತ್ತಿದ್ದರು. ಅವರ ಬಚ್ಚಲುಮನೆಯ ಗವಾಕ್ಷಿ ಡಕ್ಟಿಗೆ ತೆರೆಯುತ್ತದೆ. ಅಲ್ಲಿಂದ ಹಕ್ಕಿ ರೆಕ್ಕೆ ಬಡಿಯುವ ಸದ್ದು ಬರುತ್ತಿದೆ, ಯಾವುದೋ ಜೀವ ಒಳಗೆ ಸಿಕ್ಕಿಕೊಂಡಿದೆ ಎಂದು ಅವರ ದೂರು. ಜೇಡ ಹೋದ. ತಾರಸಿ ಹತ್ತಿ ಬಲೆಯ ಮೇಲಿಂದ ಬಗ್ಗಿ ನೋಡಿದ. ಕತ್ತಲೆ, ಪೈಪು, ಕೆಳಗಿನಿಂದ ಏಳುವ ಮುಗ್ಗಲು ವಾಸನೆ. ತಟ್ಟೆ ಬಡಿದ. ಒಂದು ಗರಿಯೂ ಅಲ್ಲಾಡಲಿಲ್ಲ. ಅಲ್ಲಿಂದಲೇ ಡಕ್ಟಿನೊಳಕ್ಕೆ ಬಾಯಿಟ್ಟು ಮೂರನೇ ಮಹಡಿಗೆ ಕೇಳುವ ಹಾಗೆ ಕೂಗಿದ. ‘ಒಳಗೆ ಏನೂ ಇಲ್ಲಮ್ಮಾ!’

ಅವರು ಬಿಡಲಿಲ್ಲ. ಮತ್ತೆ ಫೋನ್, ಮತ್ತೆ ಇವನು ತಾರಸಿಗೆ, ಮತ್ತೆ ತಟ್ಟೆ, ಮತ್ತೆ ಅದೇ ಕೂಗು. ಒಂದು ಸಲ ಅವರು ಮೆಟ್ಟಿಲು ಹತ್ತಿ ತಾರಸಿಗೇ ಬಂದು ಇವನ ಕೈ ಹಿಡಿದುಕೊಂಡು, ಇದೆಯಪ್ಪ, ನನ್ನ ಕಿವಿ ಸುಳ್ಳು ಹೇಳಲ್ಲ, ಒಂದು ಸಲ ಇಳಿದು ನೋಡು ಎಂದರಂತೆ. ಇವನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ತಟ್ಟೆಗೆ ಏಳದ ಹಕ್ಕಿಯಿಲ್ಲ ಎಂದು ಅವರಿಗೂ ಪಾಠ ಒಪ್ಪಿಸಿ ಇಳಿದು ಬಂದ.

ಅಷ್ಟರಲ್ಲಿ ಆ ಮನೆಯಲ್ಲಿ ಬೇರೆಯೇ ಶುರುವಾಗಿತ್ತು. ಟೈಪಿಂಗಮ್ಮ ಬಚ್ಚಲುಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಸ್ಟೂಲಿನ ಮೇಲೆ ನಿಂತು ಗವಾಕ್ಷಿಗೆ ಕಿವಿಯಿಡುವುದು, ಅದರ ಸಂದಿಯಿಂದ ಡಕ್ಟಿಗೆ ಅಕ್ಕಿ ಎರಚುವುದು. ಅಕ್ಕಿಯೆಲ್ಲ ಕೆಳಗಿನ ಮೋರಿಗೆ ತುಂಬಿಕೊಂಡು ಕಟ್ಟಡದವರ ಗಲಾಟೆ. ಮಗ ರೋಸಿ ಹೋಗಿದ್ದ. ಬುದ್ಧಿ ಸ್ಥಿಮಿತವಿಲ್ಲದ ಮುದುಕರನ್ನು ಇಟ್ಟುಕೊಳ್ಳುವ ಒಂದು ಜಾಗವನ್ನು ನೋಡಿಯೂ ಬಂದಿದ್ದ. ಬಲೆಯವನೇ ಬಂದು ಏನೂ ಇಲ್ಲ ಎಂದು ಹೇಳಿದ ಮೇಲೂ ಅಮ್ಮನಿಗೆ ಕೇಳಿಸುತ್ತದೆ ಎಂದರೆ ಇನ್ನೇನು ಅರ್ಥ ಎಂದು ಅವನು ಎಲ್ಲರ ಹತ್ತಿರ ಹೇಳುತ್ತಿದ್ದನಂತೆ. ನನ್ನ ತಮ್ಮನ ಕೂಗು ಹಾಗೆ ಸಾಕ್ಷಿಯಾಯಿತು.

ಇದನ್ನೆಲ್ಲ ಅವನು ಒಂದು ಸಂಜೆ ಊಟಕ್ಕೆ ಕೂತು ತಮಾಷೆಯಾಗಿ ಹೇಳುತ್ತಿದ್ದ. ಆ ಕಟ್ಟಡದ ಪಾರಿವಾಳಗಳಿಗೂ ಮಾನ ಮರ್ಯಾದೆ ಇಲ್ಲ ಕಣಕ್ಕ, ಹೋದಾಗಲೆಲ್ಲ ಒಂದು ಬಂದು ಬಲೆಯ ಮೇಲೇ ಕೂತಿರುತ್ತದೆ, ತಟ್ಟೆ ಬಡಿದು ಓಡಿಸಿದರೆ ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ, ಎಂದ.

ನಾನು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ.

‘ಅದ್ಯಾಕೋ ಅಲ್ಲೇ ಬಂದು ಕೂರುತ್ತೆ? ಬೇರೆ ಜಾಗ ಇಲ್ವಾ ಅದಕ್ಕೆ?’ ಎಂದೆ. ‘ಒಳಗೆ ಅದರ ಜೊತೆಯದ್ದು ಇದೆ ಕಣೋ.’

ಅವನು ಊಟದ ತಟ್ಟೆಯನ್ನು ಬದಿಗೆ ಸರಿಸಿದ. ಪಾರಿವಾಳ ಮೊಟ್ಟೆಗೆ ಸರದಿಯ ಮೇಲೆ ಕೂರುತ್ತದೆ ಎಂದು ನಮಗಿಬ್ಬರಿಗೂ ಗೊತ್ತು. ಸಂಜೆಯಿಂದ ಬೆಳಗಿನ ತನಕ ಹೆಣ್ಣು, ಹಗಲು ಗಂಡು. ಗೊತ್ತಿರುವುದು ಬೇರೆ, ಆ ಹೊತ್ತಿಗೆ ನೆನಪಾಗುವುದು ಬೇರೆ. ಅಪ್ಪ ಗೂಡಿನ ಕಾಲದಲ್ಲಿ ಬಲೆ ಹಾಕಿದವನಲ್ಲ. ಅವನ ತಟ್ಟೆ ಕಾಳು ಮೇಯುವ ಹಿಂಡಿಗೆ ಸರಿ. ಮೊಟ್ಟೆಯ ಮೇಲೆ ಕೂತ ಹಕ್ಕಿ ತಟ್ಟೆಗಲ್ಲ, ಗುಡುಗಿಗೂ ಏಳುವುದಿಲ್ಲ. ಮೈಯನ್ನು ಇನ್ನಷ್ಟು ಅಮುಕಿಕೊಂಡು ಸುಮ್ಮನಾಗುತ್ತದೆ. ನಟ್ಟ ನಡು ಮಧ್ಯಾಹ್ನ, ಗಂಡಿನ ಸರದಿಯ ಹೊತ್ತಿನಲ್ಲಿ, ನನ್ನ ತಮ್ಮ ಕೊನೆಯ ಮೂಲೆ ಕಟ್ಟಿದ್ದ.

ಬೆಳಕು ಹರಿಯುತ್ತಲೇ ಓಡಿದ. ಬಲೆ ಬಿಚ್ಚಿ ಹಗ್ಗ ಕಟ್ಟಿಕೊಂಡು ಡಕ್ಟಿಗೆ ಇಳಿದ. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಪೈಪಿನ ತಿರುವಿನಲ್ಲಿ ಗೂಡಿತ್ತು. ಗಂಡು ಸತ್ತು ಹೆಚ್ಚು ಹೊತ್ತಾಗಿರಲಿಲ್ಲ. ರೆಕ್ಕೆಯ ತುದಿಗಳೆಲ್ಲ ಗೋಡೆಗೆ ಬಡಿದು ಬಡಿದು ಮುರಿದು ಕಡ್ಡಿ ಮಾತ್ರ ಉಳಿದಿದ್ದವು. ಸೋರುವ ಪೈಪಿನ ನೀರು ಕುಡಿದು ಅಷ್ಟು ದಿನ ಉಸಿರು ಹಿಡಿದಿತ್ತು. ಟೈಪಿಂಗಮ್ಮ ಎರಚಿದ ಅಕ್ಕಿಯಲ್ಲಿ ಒಂದು ಕಾಳೂ ಆ ತಿರುವಿನಲ್ಲಿ ನಿಂತಿರಲಿಲ್ಲ. ಅದರ ಹೊಟ್ಟೆಯಡಿ, ಅಷ್ಟರಲ್ಲಿ ಮೊಟ್ಟೆಯೊಡೆದು ಬಂದಿದ್ದ ಎರಡು ಮರಿ, ಒಣಗಿ ಹಗುರಾಗಿದ್ದವು. ಮೂರನ್ನೂ ಅಂಗಿಯಲ್ಲಿ ಸುತ್ತಿಕೊಂಡು ಮೇಲೆ ಬಂದ. ಡಕ್ಟಿನ ಬಾಯಿಯ ಕಟ್ಟೆಯ ಮೇಲೆ ಹೆಣ್ಣು ಕೂತಿತ್ತು. ಇವನು ಪಕ್ಕದಲ್ಲೇ ಹಾದರೂ ಅದು ಏಳಲಿಲ್ಲವಂತೆ.

ಮೂರನೇ ಮಹಡಿಗೆ ಹೋಗಿ ಅವನು ಅಂಗಿ ಬಿಚ್ಚಿ ತೋರಿಸಿದ. ನಿಮ್ಮ ಮಾತೇ ನಿಜ ಎಂದ. ಟೈಪಿಂಗಮ್ಮ ಬೈಯಲಿಲ್ಲ. ಮರಿಗಳನ್ನು ಒಂದು ಬೆರಳಿನಿಂದ ಮುಟ್ಟಿ, ಇವು ಹಸಿವಿಗೆ ಕೂಗುತ್ತಿದ್ದವು, ಮೊದಲು ಎರಡು ದನಿ ಇತ್ತು, ಆಮೇಲೆ ಒಂದೇ ಆಯಿತು ಎಂದರಂತೆ. ಮಗ ಒಳಗೆ ಹೋದ. ತಮ್ಮ ಅವತ್ತೇ ಗೂಡು ತೆಗೆದು, ಡಕ್ಟ್ ತೊಳೆದು, ಬಲೆ ಮತ್ತೆ ಕಟ್ಟಿದ. ಆ ಅಮ್ಮನನ್ನು ಕಳಿಸುವ ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಮುಗಿಯಲಿಲ್ಲ.

ಸ್ವಲ್ಪ ದಿನಕ್ಕೆ ನನ್ನ ತಮ್ಮ ಕೆಲಸದಿಂದ ಅರ್ಧಕ್ಕೇ ವಾಪಸು ಬರತೊಡಗಿದ. ಹಗ್ಗ ಕಟ್ಟಿಕೊಳ್ಳುತ್ತಾನೆ, ತಾರಸಿಯ ಕಟ್ಟೆಯ ತನಕ ಹೋಗುತ್ತಾನೆ, ಅಲ್ಲೇ ಕೂತುಬಿಡುತ್ತಾನೆ. ಮನೆಗೆ ಬಂದರೆ ಬಚ್ಚಲಿನ ಬಾಗಿಲು ಹಾಕಲು ಬಿಡುವುದಿಲ್ಲ. ಊಟ ಅರ್ಧಕ್ಕೆ ಬಿಟ್ಟು ಗೋಡೆಯ ಕಡೆ ಕಿವಿಗೊಟ್ಟು ಕೂರುತ್ತಾನೆ. ಏನೋ ನಿನಗೆ, ದೆವ್ವ ಮೆಟ್ಟಿದೆಯಾ ಎಂದು ನಾನು ಕೂಗಾಡಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳಿ ಎದ್ದು ಹೋಗುತ್ತಿದ್ದ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಆದರೆ ಒಳಗೊಳಗೆ ಹೆದರಿಕೆಯೇ ಹೆಚ್ಚಾಗಿತ್ತು. ನನಗೆ ಇರುವವನು ಅವನೊಬ್ಬ.

ಆಗ ಆ ಮಗನ ಫೋನ್ ಬಂತು. ನಾನೇ ಎತ್ತಿಕೊಂಡೆ. ಅಮ್ಮನಿಗೆ ಸದ್ದು ಇನ್ನೂ ಕೇಳುತ್ತಿದೆ, ನಿಮ್ಮ ತಮ್ಮನೇ ಡಕ್ಟ್ ತೊಳೆದು ಖಾಲಿ ಮಾಡಿದ್ದಾನಲ್ಲ, ಅವನೇ ಬಂದು ಅವರ ಮುಂದೆ ನಿಂತು ಒಂದು ಮಾತು ಹೇಳಿದರೆ ಅವರು ಸುಮ್ಮನೆ ಒಪ್ಪಿ ಕಾರು ಹತ್ತುತ್ತಾರೆ ಎಂದ. ಕಳಿಸುವ ಜಾಗ ಗೊತ್ತಾಗಿತ್ತು, ಬಟ್ಟೆಬರೆ ಕಟ್ಟಿಟ್ಟಿದ್ದರು. ಸದ್ದು ಮಾತ್ರವಲ್ಲ, ಈಗ ಬಲೆಯವನ ದನಿಯೂ ಕೇಳುತ್ತದೆ ಅಂತಾರೆ, ಗೋಡೆ ಮಾತಾಡುತ್ತದಂತೆ ಎಂದು ಹೇಳುವಾಗ ಅವನು ಮೂಗು ಎಳೆದುಕೊಂಡದ್ದು ನನಗೆ ಕೇಳಿಸಿತು. ಕೆಟ್ಟವನೇನಲ್ಲ.

ಅದನ್ನು ತಮ್ಮನಿಗೆ ಹೇಳಿದೆ. ಅವನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು.

‘ನಿನಗೂ ಕೇಳಿಸಿದೆ’ ಎಂದೆ.

‘ಹೂಂ. ಇನ್ನೊಂದು ಹಕ್ಕಿ ಸಿಕ್ಕಿಕೊಂಡರೆ ತೆಗೆಯೋಕೆ ಬಲೆಗೆ ಒಂದು ಬಾಗಿಲು ಕೂರಿಸೋಣ ಅಂತ ಹೋಗಿದ್ದೆ. ತೊಳೆದ ಡಕ್ಟಿಂದಾನೇ ಬಂತು ಅಕ್ಕ. ಅದೇ ರೆಕ್ಕೆ. ಆಮೇಲೆ ನನ್ನ ದನೀನೇ ನನಗೆ ಹೇಳ್ತು, ಒಳಗೆ ಏನೂ ಇಲ್ಲಮ್ಮಾ ಅಂತ.’

ಇದನ್ನು ನಂಬುವುದೋ ಬಿಡುವುದೋ ನನಗೆ ತಿಳಿಯಲಿಲ್ಲ. ಹೋಗಿ ಖಾಲಿ ಎಂದರೆ ಆ ಹೆಂಗಸು ಕಾರು ಹತ್ತಬೇಕು, ಇದೆ ಎಂದರೆ ಇವನನ್ನೂ ಅದೇ ಕಾರಿಗೆ ಹತ್ತಿಸಬೇಕು. ಕೂತು ಗೋಳಾಡುವ ಬುದ್ಧಿ ನನ್ನದಲ್ಲ. ಅವನ ತೋಳು ಹಿಡಿದು ಎಬ್ಬಿಸಿಕೊಂಡು ನಾನೂ ಹೊರಟೆ.

ಮೂರನೇ ಮಹಡಿಯ ಮನೆಯ ಬಾಗಿಲಲ್ಲೇ ಒಂದು ಸೂಟ್‌ಕೇಸು. ಟೈಪಿಂಗಮ್ಮ ಚಪ್ಪಲಿ ಹಾಕಿಕೊಂಡು ಅದರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಸಣ್ಣ ಹೆಂಗಸು, ಮಡಿಲಲ್ಲಿ ಬೆರಳುಗಳು ಸುಮ್ಮನೆ ಆಡುತ್ತಿದ್ದವು, ಯಾವುದೋ ಕಾಗದ ಟೈಪು ಮಾಡುವ ಹಾಗೆ. ಮಗ ನನ್ನ ತಮ್ಮನನ್ನು ನೋಡಿ, ಹೇಳಪ್ಪ ಎಂದ. ತಮ್ಮ ನನ್ನ ಹಿಂದಕ್ಕೆ ಸರಿದ. ನಾನು ಮಗನನ್ನು ಕೇಳಿದೆ, ನೀವು ಒಂದು ಸಲವಾದರೂ ಆ ಬಚ್ಚಲುಮನೆಯಲ್ಲಿ ನಿಂತು ಕೇಳಿದ್ದೀರಾ ಎಂದು. ಕೇಳುವುದೇನಿದೆ ಎಂದ ಅವನು.

‘ಹೆತ್ತ ತಾಯಿನ ಕಳಿಸೋ ಮುಂಚೆ ಒಂದು ಗಳಿಗೆ ನಿಂತು ಕೇಳಿ. ಗಂಟೇನೂ ಹೋಗಲ್ಲ ನಿಮ್ಮದು’ ಎಂದೆ.

ನಾಲ್ಕೂ ಜನ ಆ ಬಚ್ಚಲುಮನೆಯಲ್ಲಿ ಒತ್ತಿಕೊಂಡು ನಿಂತೆವು. ಬಕೆಟ್ಟಿಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಟೈಪಿಂಗಮ್ಮ ಅದನ್ನು ಬಿಗಿಯಾಗಿ ತಿರುಗಿಸಿದರು. ಸುಮ್ಮನೆ ನಿಂತೆವು. ಮಗ ಹೊರಡಲು ಕಾಲೆತ್ತಿದ್ದ.

ಮೊದಲು ಹೂಂಕಾರ. ಪಾರಿವಾಳ ಗಂಟಲುಬ್ಬಿಸಿ ಜೊತೆಯನ್ನು ಕರೆಯುವುದು. ಆಮೇಲೆ ರೆಕ್ಕೆ, ಬಡಬಡಬಡ, ಗೋಡೆಗೆ ತಗುಲಿ ನಿಂತ ಹಾಗೆ. ಮತ್ತೆ ಬಡಿತ, ಈ ಸಲ ಕಡಿಮೆ. ಮರಿಯ ದನಿ ಕೀಂ ಕೀಂ. ಮತ್ತೆ ಬಡಿತ, ಇನ್ನೂ ಕಡಿಮೆ. ಮರಿಯ ದನಿ ನಿಂತಿತು. ಆಮೇಲೆ ಉಗುರು ಕೆರೆಯುವ ಸದ್ದು, ಅದೂ ನಿಂತಿತು. ಸತ್ತ ಹಕ್ಕಿಯ ಸಾವನ್ನು ಮೊದಲಿನಿಂದ ಕೊನೆಯ ತನಕ ಕೇಳಿದ ಹಾಗಾಯಿತು. ಸ್ವಲ್ಪ ಹೊತ್ತು ನಿಶ್ಶಬ್ದ. ಆಮೇಲೆ ಟಣ್ ಟಣ್ ಟಣ್ ಎಂದು ನಮ್ಮಪ್ಪನ ತಟ್ಟೆ. ಆಮೇಲೆ ನನ್ನ ತಮ್ಮನ ದನಿ, ‘ಒಳಗೆ ಏನೂ ಇಲ್ಲಮ್ಮಾ.’

ನನ್ನ ತಮ್ಮ ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ. ಮಗ ಗೋಡೆ ಹಿಡಿದುಕೊಂಡ.

ನಾಲ್ಕು ಜನಕ್ಕೆ ಒಟ್ಟಿಗೆ ಹುಚ್ಚು ಹಿಡಿಯುವುದಿಲ್ಲ. ನಾನು ಸ್ಟೂಲು ಹತ್ತಿ ಗವಾಕ್ಷಿಗೆ ತಲೆಯಿಟ್ಟೆ. ಸದ್ದು ಮತ್ತೆ ಶುರುವಾಯಿತು. ಅದು ಡಕ್ಟಿನದಲ್ಲ, ಡಕ್ಟಿನಾಚೆ, ಒಂದು ಮಹಡಿ ಕೆಳಗಿನ ಗವಾಕ್ಷಿಯಿಂದ ಬರುತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಇಳಿದು ಹೋಗಿ ಎರಡನೇ ಮಹಡಿಯ ಬಾಗಿಲು ಬಡಿದೆ. ತಮ್ಮನೂ ಆ ಮಗನೂ ನನ್ನ ಹಿಂದೆಯೇ ಬಂದರು. ಬಾಗಿಲು ತೆಗೆದವನು ಕನ್ನಡಕದ ಅಂಗಡಿ ಇಟ್ಟವನು. ನಿಮ್ಮ ಬಚ್ಚಲುಮನೆಯಲ್ಲಿ ಏನಿದೆ ಎಂದು ಕೇಳಿದೆ. ಬಳಸದ ಬಚ್ಚಲುಮನೆ, ಏನೂ ಇಲ್ಲ ಎಂದ. ಆಮೇಲೆ ನೆನಪು ಮಾಡಿಕೊಂಡು, ‘ಗಿಳಿ ಒಂದಿದೆ’ ಎಂದ.

ಮಗಳಿಗೆಂದು ತಂದದ್ದಂತೆ. ಮಗಳು ದೊಡ್ಡವಳಾದಳು. ಗಿಳಿ ಹಜಾರದಲ್ಲಿ ಕೂತು ದಿನವೆಲ್ಲ ಕಿರುಚುತ್ತಿತ್ತು, ಹೆಂಡತಿಗೆ ತಲೆನೋವು, ಅಕ್ಕಪಕ್ಕದವರ ದೂರು. ಹಾಗಾಗಿ ಪಂಜರ ಎತ್ತಿ ಅಲ್ಲಿಟ್ಟು ಬಾಗಿಲು ಹಾಕಿದರು. ಕೂಗು ನಿಂತಿತು. ಕಟ್ಟಡದವರೆಲ್ಲ ಅದು ಸತ್ತಿತು ಎಂದೇ ತಿಳಿದಿದ್ದರು. ದಿನಾ ಕಾಳು ನೀರು ಹಾಕುತ್ತೇವಲ್ಲ ಎಂದ ಅವನು, ನಾನು ಇನ್ನೂ ಏನೂ ಅನ್ನುವ ಮೊದಲೇ.

ದೀಪ ಹಾಕಿದ. ಕೊಕ್ಕು ಬೆಳೆದು ಒಳಕ್ಕೆ ಬಾಗಿತ್ತು, ಉಗುರು ಸುರುಳಿಯಾಗಿತ್ತು. ಕತ್ತರಿಸಿದ ರೆಕ್ಕೆ. ಎದೆಯ ಗರಿಯನ್ನೆಲ್ಲ ತಾನೇ ಕಿತ್ತುಕೊಂಡು ಚರ್ಮ ಕೆಂಪಗೆ ಬರಿದಾಗಿತ್ತು. ಪಂಜರದೊಳಗೆ ಸೂರ್ಯಕಾಂತಿ ಸಿಪ್ಪೆಯ ಗುಡ್ಡೆ. ಅದು ಬಾಗಿಲ ಕಡೆ ನೋಡಲಿಲ್ಲ. ಗವಾಕ್ಷಿಯ ಕಡೆಗೇ ಮುಖ ಮಾಡಿ ಕೂತಿತ್ತು. ಆ ಗವಾಕ್ಷಿಯ ಎದುರಿಗೇ ಪೈಪಿನ ತಿರುವು, ಗೂಡಿದ್ದ ಜಾಗ. ಕತ್ತಲೆಯಲ್ಲಿ ಅದಕ್ಕೆ ಸಿಕ್ಕ ಜೊತೆ ಅದೊಂದೇ. ಅವು ಕೂಗಿದ್ದನ್ನು, ಬಡಿದದ್ದನ್ನು, ನಿಂತದ್ದನ್ನು ಅದು ಕೂತು ಕಲಿತಿತ್ತು. ಈಗ ಅವು ಇಲ್ಲ, ಹಾಗಾಗಿ ಅದೇ ಅವುಗಳನ್ನು ಕರೆಯುತ್ತಿತ್ತು. ನಮ್ಮ ಕಣ್ಣೆದುರೇ ತಲೆ ತಗ್ಗಿಸಿ ಗಂಟಲು ಉಬ್ಬಿಸಿತು. ಮೊಂಡು ರೆಕ್ಕೆಯನ್ನು ಸರಳಿಗೆ ಬಡಿಯಿತು. ಕೊಕ್ಕಿನಿಂದ ಕಾಳಿನ ಬಟ್ಟಲನ್ನು ಬಡಿದು ಟಣ್ ಟಣ್ ಮಾಡಿತು.

ನಮ್ಮಪ್ಪ ಹಿಡಿದು ಮಾರಿದ ಗಿಳಿಗಳು ನೆನಪಾದವು. ಯಾವ ಯಾವ ಮನೆಯ ಯಾವ ಯಾವ ಬಾಗಿಲ ಹಿಂದೆ ಅವು ಏನೇನು ಕಲಿತವೋ. ನನಗೆ ಅಳು ತಡೆಯಲಾಗಲಿಲ್ಲ. ನನ್ನ ತಮ್ಮ ಆ ಒದ್ದೆ ನೆಲದ ಮೇಲೆ ಮೊಣಕಾಲೂರಿ ಪಂಜರಕ್ಕೆ ಹಣೆ ಹಚ್ಚಿ ಕೂತ. ಗಿಳಿ ಅವನ ಮುಖದ ಹತ್ತಿರ ಬಂದು, ಅವನದೇ ದನಿಯಲ್ಲಿ ಆ ಮಾತು ಹೇಳಿತು.

ಟೈಪಿಂಗಮ್ಮ ಮೆಲ್ಲಗೆ ಇಳಿದು ಬಂದು ಹಿಂದೆ ನಿಂತಿದ್ದರು. ಮಗನ ಕಡೆ ನೋಡಲಿಲ್ಲ.

‘ಈ ಕಟ್ಟಡದಲ್ಲಿ ಅವು ಕೂಗಿದ್ದನ್ನ ಕೇಳಿಸಿಕೊಂಡಿದ್ದು ನಾನು, ಇದು, ಇಬ್ಬರೇ’ ಎಂದರು.

ಮಗ ಮೇಲೆ ಹೋಗಿ ಸೂಟ್‌ಕೇಸನ್ನು ಎತ್ತಿಕೊಂಡು ಒಳಗಿಟ್ಟ. ಅವರು ಈಗಲೂ ಅದೇ ಮನೆಯಲ್ಲಿದ್ದಾರೆ. ಸೊಸೆ ಮೊದಲಿಗಿಂತ ಮೆತ್ತಗೆ ಮಾತಾಡುತ್ತಾಳಂತೆ. ಆದರೆ ಮಗ ಕೋಣೆಗೆ ಬಂದರೆ ಅವರು ಚಪ್ಪಲಿ ಎಲ್ಲಿದೆ ಎಂದು ಒಂದು ಸಲ ನೋಡಿಕೊಳ್ಳುತ್ತಾರೆ. ಆ ಭಯ ಹೋಗಿಲ್ಲ.

ಗಿಳಿಯನ್ನು ಕನ್ನಡಕದವನು ಸಂತೋಷದಿಂದ ಕೊಟ್ಟುಬಿಟ್ಟ. ಹಾರಲು ಬಾರದ್ದನ್ನು ಬಿಟ್ಟರೆ ಬೆಕ್ಕಿನ ಬಾಯಿಗೆ ಕೊಟ್ಟ ಹಾಗೆ. ಹಕ್ಕಿ ನೋಡುವ ಡಾಕ್ಟರು ಕೊಕ್ಕು ಉಗುರು ಸರಿ ಮಾಡಿ, ರೆಕ್ಕೆ ಬಂದರೂ ಬರಬಹುದು, ಎದೆಯ ಗರಿ ಬರುವುದು ಅನುಮಾನ ಎಂದರು. ನಮ್ಮ ಮುಂದಿನ ಕೋಣೆಯ ಬಲೆಯನ್ನೆಲ್ಲ ಒಂದು ಮೂಲೆಗೆ ನೂಕಿ ಅದಕ್ಕೆ ಕಿಟಕಿ ಬಿಟ್ಟುಕೊಟ್ಟೆವು. ಹಣ್ಣು ತಿನ್ನುತ್ತದೆ, ಬಿಸಿಲು ಕಾಯುತ್ತದೆ, ನನ್ನ ಬೈಗುಳ ಒಂದೆರಡನ್ನು ಕಲಿತಿದೆ. ಪಾರಿವಾಳದ ಪಾಠವನ್ನು ಮಾತ್ರ ಮರೆತಿಲ್ಲ. ಅದು ಹೂಂಕರಿಸಿದರೆ ಹೊರಗೆ ಕಿಟಕಿಯ ಕಟ್ಟೆಗೆ ಯಾವುದೋ ಒಂದು ಪಾರಿವಾಳ ಬಂದು ಕೂತು ಒಳಗೆ ಇಣುಕುತ್ತದೆ. ನಾವು ಓಡಿಸುವುದಿಲ್ಲ.

ಜೇಡ ಮತ್ತೆ ಹಗ್ಗ ಕಟ್ಟಿಕೊಂಡಿದ್ದಾನೆ. ತಟ್ಟೆ ಒಯ್ಯುವುದಿಲ್ಲ. ಕೊನೆಯ ಮೂಲೆ ಕಟ್ಟುವ ಮೊದಲು ಟಾರ್ಚು ಹಿಡಿದು ತಾನೇ ತಳದ ತನಕ ಇಳಿದು, ಪ್ರತಿ ತಿರುವಿಗೂ ಕೈಹಾಕಿ ನೋಡುತ್ತಾನೆ. ಗೂಡು ಕಂಡರೆ ಮರಿ ಹಾರುವ ತನಕ ಬಲೆ ಕಟ್ಟುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಬರುತ್ತಾನೆ. ಅದರಿಂದ ಎಷ್ಟೋ ಕೆಲಸ ಕೈತಪ್ಪುತ್ತದೆ. ಹೋಗಲಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ತಮ್ಮನ ಮಾತು ಎಲ್ಲೂ ಹೋಗಲಿಲ್ಲ. ಅವನು ಸಂಜೆ ಮನೆಗೆ ಬಂದು ಬೆಲ್ಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಗಿಳಿ ಬಟ್ಟಲು ಬಡಿಯುತ್ತದೆ. ಒಳಗೆ ಏನೂ ಇಲ್ಲಮ್ಮಾ ಎನ್ನುತ್ತದೆ. ಅವನು ಕೈಕಾಲು ತೊಳೆಯುವುದನ್ನೂ ಬಿಟ್ಟು ಅದರ ಮುಂದೆ ಕೂರುತ್ತಾನೆ.

‘ಇದೆ ಅನ್ನು’ ಎನ್ನುತ್ತಾನೆ. ‘ಇದೆ. ಅನ್ನು ನೋಡೋಣ, ಇದೆ.’

ಗಿಳಿ ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತದೆ. ಇನ್ನೂ ಕಲಿತಿಲ್ಲ.